ಸ್ಪಾಸ್ಕಾ ಟೀಚರ್ ನಡೆಸಿದ ಗುರುವಾರದ ಪಾಠ

ಸ್ಪಾಸ್ಕಾ ಇಲ್ಕೋವಾ ನಮ್ಮ ಶಾಲೆಯಲ್ಲಿ ನಾಲ್ಕನೆಯ ತರಗತಿಗೆ ಇಪ್ಪತ್ತೊಂಬತ್ತು ವರ್ಷ ಪಾಠ ಹೇಳಿದವಳು. ನಾನು ಅದೇ ಶಾಲೆಯ ಕಚೇರಿಯಲ್ಲಿ ಗುಮಾಸ್ತೆ. ಹಾಜರಿ ಪಟ್ಟಿ, ವರ್ಗಾವಣೆ ಪತ್ರ, ವೈದ್ಯರ ಚೀಟಿ ಎಲ್ಲವೂ ನನ್ನ ಮೇಜು ದಾಟಿಯೇ ಹೋಗಬೇಕು. ಆದ್ದರಿಂದ ಈಗ ಹೇಳಹೊರಟಿರುವುದರಲ್ಲಿ ನನ್ನ ಪಾಲೂ ಇದೆ. ಅದನ್ನು ಬಿಟ್ಟು ಹೇಳಿದರೆ ಹೇಳಿದಂತಾಗುವುದಿಲ್ಲ.

ಮೇ ಕೊನೆಯ ವಾರ ನಾಲ್ಕನೆಯ ತರಗತಿಗೆ ದೇಶಕ್ಕೆಲ್ಲ ಒಂದೇ ಪರೀಕ್ಷೆ. ಒಂದೇ ದಿನ, ಒಂದೇ ಗಂಟೆ, ಒಂದೇ ಪ್ರಶ್ನೆಪತ್ರಿಕೆ. ಮೊದಲು ಉಕ್ತಲೇಖನ, ಆಮೇಲೆ ಒಂದು ಕಥೆ ಓದಿ ಉತ್ತರಿಸುವುದು, ಇನ್ನೊಂದು ದಿನ ಲೆಕ್ಕ. ಡಾನ್ಯೂಬ್ ದಂಡೆಯ ನಮ್ಮ ಸಣ್ಣ ಊರಿನಲ್ಲಿ ಅದಕ್ಕೆ ಮಕ್ಕಳಿಗಿಂತ ಹೆಚ್ಚು ಹೆದರುವವರು ದೊಡ್ಡವರು. ಕೆಲವರು ದಪ್ಪ ದಪ್ಪ ಅಭ್ಯಾಸ ಪುಸ್ತಕ ತಂದು ಸುರಿಯುತ್ತಿದ್ದರು. ಕೆಲವರು ಕಿವಿ ಹಿಂಡಿ ಕೂರಿಸುತ್ತಿದ್ದರು. ಮಿಕ್ಕವರು, ನಾವೇ ಓದಲಿಲ್ಲ ಇವರೇನು ಓದುತ್ತಾರೆ ಎಂದು ಕೈ ತೊಳೆದುಕೊಳ್ಳುತ್ತಿದ್ದರು. ತರಗತಿಯ ಅರ್ಧ ಮಕ್ಕಳ ತಾಯಂದಿರು ಇಟಲಿಯಲ್ಲೋ ಜರ್ಮನಿಯಲ್ಲೋ ಮುದುಕರ ಮೈ ತೊಳೆಯಲು ಹೋಗಿದ್ದರು. ಮನೆಯಲ್ಲಿ ಇದ್ದವರು ಅಜ್ಜಿಯರು.

ನಾನು ಹೇಳುತ್ತಿರುವ ವರ್ಷ ನವೆಂಬರಿನಲ್ಲಿ ಸ್ಪಾಸ್ಕಾ ಪ್ರತಿ ಗುರುವಾರ ಸಂಜೆ ಐದಕ್ಕೆ ಮನೆಯವರಿಗೇ ಪಾಠ ಶುರು ಮಾಡಿದಳು. ಯಾರೂ ಹೇಳಿರಲಿಲ್ಲ, ಸಂಬಳವೂ ಇರಲಿಲ್ಲ. ಮೊದಲ ಗುರುವಾರ ಹದಿಮೂರು ಜನ ಬಂದರು. ಅವರನ್ನು ಮಕ್ಕಳ ಬೆಂಚುಗಳಲ್ಲೇ ಕೂರಿಸಿ, ಹಿಂದಿನ ವರ್ಷದ ಪ್ರಶ್ನೆಪತ್ರಿಕೆ ಹಂಚಿ, ಇಪ್ಪತ್ತು ನಿಮಿಷ ಅಂದಳು.

"ಟೀಚರ್, ನನ್ನ ಮೊಣಕಾಲೇ ಈ ಬೆಂಚಿನೊಳಗೆ ಹೋಗ್ತಿಲ್ಲ, ಪಾಠ ತಲೆಯೊಳಗೆ ಎಲ್ಲಿಂದ ಹೋಗುತ್ತೆ?" ಎಂದಳು ಸ್ಟೋಯ್ಕಜ್ಜಿ.

"ಮೊಣಕಾಲು ಹೊರಗೇ ಇರ್ಲಿ ಅಜ್ಜಿ. ಕಣ್ಣು ಕಾಗದದ ಮೇಲಿದ್ರೆ ಸಾಕು."

ಇಪ್ಪತ್ತು ನಿಮಿಷ ಮುಗಿದಾಗ ಅರ್ಧ ಜನ ಮೂರನೆಯ ಪ್ರಶ್ನೆಯಲ್ಲೇ ಇದ್ದರು. ಸ್ಪಾಸ್ಕಾ ಕೇಳಿದಳು, "ಎಷ್ಟು ಜನಕ್ಕೆ ಅಂಗೈ ಬೆವರಿತು?" ಎಲ್ಲರೂ ನಕ್ಕು ಕೈ ಎತ್ತಿದರು. "ಮಗೂಗೂ ಹೀಗೇ ಬೆವರುತ್ತೆ. ಆ ಹೊತ್ತಲ್ಲಿ ಹಿಂದಿನಿಂದ ಯಾರಾದ್ರೂ ತಲೆಗೆ ಮೊಟಕಿದ್ರೆ ಹೇಗಿರುತ್ತೆ, ನೀವೇ ಹೇಳಿ." ಆಗ ಯಾರೂ ನಗಲಿಲ್ಲ.

ಅವಳು ಹೇಳಿಕೊಟ್ಟದ್ದೆಲ್ಲ ಸಣ್ಣ ಸಣ್ಣ ವಿಷಯ. ಪ್ರಶ್ನೆಯನ್ನು ಎರಡು ಸಲ ಓದಿಸಿ. ಬಾರದ್ದನ್ನು ಬಿಟ್ಟು ಮುಂದೆ ಹೋಗುವುದನ್ನು ಕಲಿಸಿ, ಬಿಡುವುದು ಸೋಲಲ್ಲ. ಉಕ್ತಲೇಖನದಲ್ಲಿ ವಾಕ್ಯ ಪೂರ್ತಿ ಕೇಳಿದ ಮೇಲೆ ಪೆನ್ನು ಎತ್ತಲಿ. ಎಷ್ಟು ಅಂಕ ಬರುತ್ತದೆ ಎಂದು ಊಟದ ಹೊತ್ತಿನಲ್ಲಿ ಕೇಳಬೇಡಿ. "ಇದು ಮಗುವಿಗೆ ಶಿಕ್ಷೆ ಅಲ್ಲ. ಎಲ್ಲಿ ಎಡವುತ್ತೆ ಅಂತ ನಮಗೆ ಗೊತ್ತಾಗ್ಲಿ ಅಂತ ಇರೋದು" ಎಂಬ ಮಾತನ್ನು ಪ್ರತಿ ವಾರ ಹೇಳುತ್ತಿದ್ದಳು.

ಕೊನೆಯ ಬೆಂಚಿನಲ್ಲಿ ಕ್ರುಮ್ ಕೂರುತ್ತಿದ್ದ. ಮರದ ಅಡ್ಡೆಯಲ್ಲಿ ಸೌದೆ ಸೀಳುವವನು, ಹೆಂಡತಿ ಇಟಲಿಯ ಬೊಲೋನ್ಯಾದಲ್ಲಿ. ಮಗಳು ನೆಡಾ ತರಗತಿಯಲ್ಲಿ ಎಲ್ಲರಿಗಿಂತ ಹಿಂದೆ. ಅಕ್ಷರ ನುಂಗಿ ಬರೆಯುವಳು, ಓದುವಾಗ ಬೆರಳು ಸಾಲಿನಿಂದ ಸಾಲಿಗೆ ಜಾರುವುದು. ಕ್ರುಮ್ ಒಂದು ಗುರುವಾರವೂ ತಪ್ಪಿಸುತ್ತಿರಲಿಲ್ಲ, ಆದರೆ ಅವನ ಪ್ರಶ್ನೆಪತ್ರಿಕೆ ಯಾವಾಗಲೂ ಖಾಲಿ. ಮೊದಲ ವಾರ ಕನ್ನಡಕ ಮರೆತೆ ಅಂದ. ಎರಡನೆಯ ವಾರವೂ ಮರೆತೆ ಅಂದ. ಮೂರನೆಯ ವಾರ ಸ್ಪಾಸ್ಕಾ ಎಲ್ಲರನ್ನೂ ಕಳಿಸಿ, ಬೋರ್ಡು ಒರೆಸುವ ನೆಪದಲ್ಲಿ ಅವನನ್ನು ನಿಲ್ಲಿಸಿಕೊಂಡಳು. ನಾನು ಹಾಜರಿ ಪುಸ್ತಕ ತರಲು ಹೋದವಳು ಬಾಗಿಲಲ್ಲೇ ನಿಂತೆ.

"ಕ್ರುಮ್, ನೀನು ಓದೋದು ಬೇಡ. ಅವಳು ಓದಲಿ, ನೀನು ಕೇಳು. ತಿಳೀದಿದ್ದಾಗ 'ಏನಂದೆ, ನಂಗೆ ಬಿಡಿಸಿ ಹೇಳು' ಅನ್ನು. ಅಷ್ಟೇ ನಿನ್ನ ಕೆಲಸ."

ಅವನು ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತಿದ್ದ. "ಅವಳಿಗೆ ಗೊತ್ತಾಗಲ್ವಾ ಟೀಚರ್, ನಂಗೆ ಬರಲ್ಲ ಅಂತ?"

"ಅವಳಿಗೆ ಈಗ್ಲೇ ಗೊತ್ತಿದೆ. ನೀನು ಕೇಳಿದ್ರೆ ಅವಳಿಗೆ ಖುಷಿ ಆಗುತ್ತೆ."

ಚಳಿಗಾಲ ಪೂರ್ತಿ ಅಪ್ಪ ಮಗಳು ಹಾಗೆ ಕೂತರು. ಓದಿದ್ದನ್ನು ಅಪ್ಪನಿಗೆ ಬಿಡಿಸಿ ಹೇಳಬೇಕಾಗಿದ್ದರಿಂದ ನೆಡಾಗೆ ಎರಡೆರಡು ಸಲ ಓದುವುದು ತಾನಾಗಿ ಬಂತು. ಡಿಸೆಂಬರಿನ ಅಭ್ಯಾಸ ಪರೀಕ್ಷೆಯಲ್ಲಿ ನೂರಕ್ಕೆ ಹದಿನಾರು. ಏಪ್ರಿಲಿನಲ್ಲಿ ಮೂವತ್ತನಾಲ್ಕು. ಸ್ಪಾಸ್ಕಾ ಆ ಹಾಳೆಯನ್ನು ನನ್ನ ಮೇಜಿನ ಮೇಲಿಟ್ಟು, "ನೋಡೇ ತಿಂಕಾ" ಅಂದಳು.

ಮೇ ಮೊದಲ ವಾರ ಜಿಲ್ಲಾ ಕಚೇರಿಯಿಂದ ಕಾಗದ ಬಂತು. ಹೋದ ವರ್ಷ ಶಾಲೆಯ ಸರಾಸರಿ ಕುಸಿದಿತ್ತು. ಈ ಸಲವೂ ಕುಸಿದರೆ ಮೇಲಿನ ತರಗತಿಗಳನ್ನು ಮುಚ್ಚಿ ಮಕ್ಕಳನ್ನು ಬಸ್ಸಿನಲ್ಲಿ ಪಕ್ಕದ ಪಟ್ಟಣಕ್ಕೆ ಕಳಿಸುವ ವಿಚಾರ ಅದರಲ್ಲಿತ್ತು. ಮುಖ್ಯೋಪಾಧ್ಯಾಯ ವಾಂಗೆಲೋವ್ ಕೆಟ್ಟ ಮನುಷ್ಯನಲ್ಲ. ಹನ್ನೊಂದು ಜನರ ಕೆಲಸ ತನ್ನ ತಲೆಯ ಮೇಲಿದೆ ಎಂದು ನಂಬಿದ್ದವನು. ಅವನು ಸ್ಪಾಸ್ಕಾಳನ್ನು ಕರೆಸಿದ. ಅವನ ಕೋಣೆಯ ಬಾಗಿಲು ನನ್ನ ಕಚೇರಿಗೇ ತೆರೆಯುತ್ತದೆ.

"ಇರೋದೇ ಹದಿನಾರು ಮಕ್ಕಳು. ಅದರಲ್ಲಿ ಮೂರು ಸರಾಸರಿನ ಕೆಳಗೆ ಎಳೀತಿವೆ. ಆ ಮೂರಕ್ಕೂ ಆ ಎರಡು ದಿನ ಜ್ವರ ಬಂದ್ರೆ ಯಾರು ಏನು ಮಾಡೋಕಾಗುತ್ತೆ? ಚೀಟಿ ನಾನು ತರಿಸ್ತೀನಿ."

"ಹೋಗಿ ಹೇಳೋರು ಯಾರು?"

"ನಿನ್ನ ಮಾತು ಅವರು ಕೇಳ್ತಾರೆ. ಗುರುವಾರ ಗುರುವಾರ ಬಂದು ಕೂರ್ತಾರಲ್ಲ."

ಅವಳು ಒಲ್ಲೆ ಎಂದಳು ಎಂದು ಹೇಳಲು ನನಗೆ ಆಸೆ. ಆದರೆ ಅವಳು ಹಾಗೆ ಹೇಳಲಿಲ್ಲ. ಹೊರಗೆ ಬಂದವಳ ಮುಖ ಬೂದಿಯಂತಿತ್ತು. "ಶಾಲೆ ಹೋದ್ರೆ ಎಲ್ಲ ಮಕ್ಕಳೂ ಬೆಳಿಗ್ಗೆ ಆರಕ್ಕೆ ಬಸ್ಸಿಗೆ ನಿಲ್ಲಬೇಕು" ಅಂದಳು, ನನಗಲ್ಲ, ಗೋಡೆಗೆ.

ಎರಡು ಮನೆಯವರು ಕೂಡಲೇ ಒಪ್ಪಿದರು. ಮೂರನೆಯ ಮನೆ ಕ್ರುಮ್‌ನದು. ಅವನ ಅಡ್ಡೆಗೆ ಅವಳು ಹೋದದ್ದು ಮೇ ಇಪ್ಪತ್ನಾಲ್ಕರ ಮಾರನೆಯ ದಿನ. ನಮ್ಮ ಲಿಪಿಯನ್ನು ಕೊಂಡಾಡುವ ಅಕ್ಷರಗಳ ಹಬ್ಬಕ್ಕೆ ಹಿಂದಿನ ದಿನ ಕಟ್ಟಿದ ಹೂಮಾಲೆ ಶಾಲೆಯ ಗೇಟಿನಲ್ಲಿ ಇನ್ನೂ ಬಾಡಿರಲಿಲ್ಲ. ಅಲ್ಲಿ ನಡೆದದ್ದನ್ನು ಅವಳೇ ಆಮೇಲೆ ನನಗೆ ಹೇಳಿದಳು. ಕ್ರುಮ್ ಕೊಡಲಿ ಕೆಳಗಿಟ್ಟು, ಕೂರಲು ಮರದ ತುಂಡು ಒರೆಸಿಕೊಟ್ಟು, ಪೂರ್ತಿ ಕೇಳಿಸಿಕೊಂಡ.

"ಶಿಕ್ಷೆ ಅಲ್ಲ ಅಂದಿದ್ರಿ ಟೀಚರ್."

"ಅಂದಿದ್ದೆ."

"ಅವಳು ಪೆನ್ನು ತಂದಿಟ್ಕೊಂಡಿದ್ದಾಳೆ. ಎರಡು. ಒಂದು ನಿಂತ್ರೆ ಇರ್ಲಿ ಅಂತ."

ಅವನು ಕೊಡಲಿ ಎತ್ತಿಕೊಂಡ. "ಆಯ್ತು. ನೀವು ಹೇಳಿದ್ಮೇಲೆ ಏನೋ ಇರುತ್ತೆ" ಅಂದ. ಅವನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ ಎಂದಳು ಸ್ಪಾಸ್ಕಾ.

ಪರೀಕ್ಷೆಯ ದಿನ ಬಾಗಿಲಲ್ಲಿ ಪಟ್ಟಿ ಹಿಡಿದು ನಿಂತವಳು ನಾನು. ನಿಯಮದಂತೆ ತರಗತಿಯ ಟೀಚರ್ ಆ ದಿನ ಪರೀಕ್ಷೆ ನಡೆಯುವ ಮಹಡಿಗೆ ಬರುವಂತಿಲ್ಲ. ಸ್ಪಾಸ್ಕಾ ಕೆಳಗೆ ಅಧ್ಯಾಪಕರ ಕೋಣೆಯಲ್ಲಿದ್ದಳು. ಮೂರು ಹೆಸರುಗಳ ಮುಂದೆ 'ಅನಾರೋಗ್ಯ' ಎಂದು ಹಿಂದಿನ ಸಂಜೆಯೇ ನಾನು ಟೈಪು ಮಾಡಿದ್ದೆ. ಹದಿಮೂರು ಮಕ್ಕಳು ಒಳಗೆ ಹೋದರು. ಆಗ ಮೆಟ್ಟಿಲ ಮೇಲೆ ನೆಡಾ ಬಂದಳು. ಬಿಳಿ ಅಂಗಿ, ಒದ್ದೆ ಮಾಡಿ ಬಾಚಿದ ತಲೆ, ಕೈಯಲ್ಲಿ ಎರಡು ಪೆನ್ನು. ಅಪ್ಪ ಕೆಲಸಕ್ಕೆ ಹೋದ ಮೇಲೆ ಒಬ್ಬಳೇ ಹೊರಟು ಬಂದಿದ್ದಳು.

"ನಿಂಗೆ ಜ್ವರ ಅಲ್ವಾ ಮಗು?" ಅಂದೆ.

"ಇಲ್ಲ. ಮುಟ್ಟಿ ನೋಡಿ."

ಹಣೆ ಮುಂದೆ ಮಾಡಿದಳು. ಮುಟ್ಟಿದೆ. ಬೆಳಗಿನ ಗಾಳಿಯಲ್ಲಿ ನಡೆದು ಬಂದ ಹಣೆ, ತಣ್ಣಗಿತ್ತು. ವಾಂಗೆಲೋವ್ ಕಾರಿಡಾರಿನ ಆ ತುದಿಯಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದ.

"ಸ್ವಲ್ಪ ಬೆಚ್ಚಗಿದೆ. ಮನೆಗೆ ಹೋಗಿ ಮಲಕ್ಕೋ" ಅಂದೆ.

ಅವಳು ನನ್ನ ಮುಖ ನೋಡಿದಳು. ಆಮೇಲೆ ತನ್ನ ಹಣೆಯನ್ನು ತಾನೇ ಮುಟ್ಟಿ ನೋಡಿಕೊಂಡಳು. ದೊಡ್ಡವರು ಹೇಳಿದ ಮೇಲೆ ಇರಬಹುದೇನೋ ಎನ್ನುವ ಹಾಗೆ. ಮೆಟ್ಟಿಲಿಳಿದು ಹೋದಳು.

ಮಧ್ಯಾಹ್ನ ನಾನಿದನ್ನು ಹೇಳಿದಾಗ ಸ್ಪಾಸ್ಕಾ ಕುರ್ಚಿಯಿಂದ ಎದ್ದು, ಮತ್ತೆ ಕೂತು, ಮತ್ತೆ ಎದ್ದಳು. ಆ ವಾರವೇ ನಡೆದದ್ದನ್ನೆಲ್ಲ ಬರೆದು, ತನ್ನ ಹೆಸರನ್ನೇ ಮೊದಲು ಹಾಕಿ, ಜಿಲ್ಲಾ ಕಚೇರಿಗೆ ಕಳಿಸಿದಳು. ಅದಕ್ಕೆ ಉತ್ತರ ಬರಲೇ ಇಲ್ಲ. ಸರಾಸರಿ ಐದು ಅಂಕ ಏರಿತ್ತು. ಯಾರಿಗೂ ಅದನ್ನು ಕೆದಕುವುದು ಬೇಕಿರಲಿಲ್ಲ.

ಜೂನ್‌ನಲ್ಲಿ ಅವಳು ಎರಡೂ ಪ್ರಶ್ನೆಪತ್ರಿಕೆ ಹಿಡಿದು ಕ್ರುಮ್‌ನ ಮನೆಗೆ ಹೋದಳು. ನನ್ನನ್ನೂ ಕರೆದೊಯ್ದಳು. ಅಡುಗೆಮನೆಯ ಮೇಜಿನಲ್ಲಿ ನೆಡಾಳನ್ನು ಕೂರಿಸಿ, ಗಡಿಯಾರ ಇಟ್ಟು, ನಿಯಮ ಓದಿ, ಪರೀಕ್ಷೆ ನಡೆಸಿದಳು. ಹುಡುಗಿ ನನ್ನ ಕಡೆ ಒಂದು ಸಲವೂ ತಿರುಗಲಿಲ್ಲ, ಆದರೆ ಬರೆದಳು. ವಾಕ್ಯ ಪೂರ್ತಿ ಕೇಳಿದ ಮೇಲೆಯೇ ಪೆನ್ನು ಎತ್ತಿದಳು. ಸ್ಪಾಸ್ಕಾ ಅಲ್ಲೇ ತಿದ್ದಿದಳು. ಭಾಷೆಗೆ ನಲವತ್ತೊಂದು, ಲೆಕ್ಕಕ್ಕೆ ಮೂವತ್ತೆಂಟು.

ಕ್ರುಮ್ ಒಲೆಗೆ ಬೆನ್ನು ಕೊಟ್ಟು ನಿಂತಿದ್ದ. "ಇದು ಎಲ್ಲಾದ್ರೂ ದಾಖಲೆ ಆಗುತ್ತಾ ಟೀಚರ್?"

"ಇಲ್ಲ."

"ಮತ್ತೆ ಯಾರಿಗೆ ಇದು?"

ಅವನು ಹಾಳೆಗಳನ್ನು ಮಡಿಸಿ ಅವಳ ಕೈಗೇ ವಾಪಸ್ ಕೊಟ್ಟ. ಮರ್ಯಾದೆಯಾಗಿಯೇ ಕೊಟ್ಟ. ಬಾಗಿಲ ತನಕ ಬಂದು ಕಳಿಸಿದ.

ಸೆಪ್ಟೆಂಬರಿನಲ್ಲಿ ಐದನೆಯ ತರಗತಿಗೆ ಹೆಸರು ಬರೆಸಿದವರು ಒಂಬತ್ತೇ ಮಕ್ಕಳು. ಉಳಿದವರು ತಾಯಂದಿರ ಹಿಂದೆ ಹೊರದೇಶಕ್ಕೆ ಹೋಗಿದ್ದರು. ಅಂಕ ಏರಿದರೇನು, ಮೇಲಿನ ತರಗತಿಗಳನ್ನು ಮುಚ್ಚಿದರು. ವಾಂಗೆಲೋವ್‌ಗೆ ಬೇರೆಡೆಗೆ ವರ್ಗವಾಯಿತು. ಸ್ಪಾಸ್ಕಾ ನಿವೃತ್ತಿಗೆ ಎರಡು ವರ್ಷ ಇರುವಾಗಲೇ ಬಿಟ್ಟಳು. ಹೊಸ ಟೀಚರ್ ಬೇಡಿಕೊಂಡಳೆಂದು ನವೆಂಬರಿನಲ್ಲಿ ಒಂದು ಗುರುವಾರ ಪಾಠಕ್ಕೆ ಹೋದಳು. ಇಪ್ಪತ್ತು ನಿಮಿಷ ಅನ್ನುವಷ್ಟರಲ್ಲಿ ಸ್ಟೋಯ್ಕಜ್ಜಿ, ಈಗ ಚಿಕ್ಕ ಮೊಮ್ಮಗನಿಗಾಗಿ ಬಂದಿದ್ದವಳು, ಕೇಳಿದಳು: "ಇದೆಲ್ಲ ಯಾಕೆ ಟೀಚರ್? ಯಾರ ಮನೆಗೆ ಜ್ವರ ಬರ್ಬೇಕು ಅಂತ ಈಗ್ಲೇ ಹೇಳ್ಬಿಡಿ. ಚಳಿಗಾಲವೆಲ್ಲ ಬಂದು ಕೂರೋದು ಉಳಿಯುತ್ತೆ."

ಕೆಲವರು ನಕ್ಕರು. ಸ್ಪಾಸ್ಕಾ ಪ್ರಶ್ನೆಪತ್ರಿಕೆಗಳನ್ನು ಹೊಸ ಟೀಚರ ಕೈಗೆ ಕೊಟ್ಟು, ಕೋಟು ಹಾಕಿಕೊಂಡು ಮನೆಗೆ ಬಂದಳು. ಆಮೇಲೆ ಶಾಲೆಯ ಬೀದಿಯಲ್ಲಿ ನಡೆಯುವುದನ್ನೇ ಬಿಟ್ಟಳು. ಮಾರುಕಟ್ಟೆಗೆ ಹೊಳೆಯ ಕಡೆಯಿಂದ ಸುತ್ತಿ ಹೋಗುತ್ತಾಳೆ.

ನೆಡಾ ಬೆಳಿಗ್ಗೆ ಆರರ ಬಸ್ಸಿಗೆ ನಿಲ್ಲುತ್ತಾಳೆ. ಅಲ್ಲಿ ಅವಳನ್ನು ಹಿಂದಿನ ಬೆಂಚಿಗೆ ಹಾಕಿದ್ದಾರಂತೆ. ಅಪ್ಪನಿಗೆ ಓದಿ ಹೇಳುವುದು ನಿಂತಿದೆ ಎಂದು ಅಕ್ಕಪಕ್ಕದವರು ಹೇಳುತ್ತಾರೆ. ನನ್ನನ್ನು ಕಂಡರೆ ರಸ್ತೆಯ ಆಚೆ ಬದಿಗೆ ಹೋಗುತ್ತಾಳೆ.

ಭಾನುವಾರ ನಾನು ಸ್ಪಾಸ್ಕಾಳ ಮನೆಗೆ ಹೋಗುತ್ತೇನೆ. ಅವಳು ಲಿಂಡೆನ್ ಹೂವಿನ ಚಹಾ ಮಾಡುತ್ತಾಳೆ, ಕೋಳಿಗಳ ಸುದ್ದಿ ಹೇಳುತ್ತಾಳೆ. ಒಂದೇ ಒಂದು ಸಲ, ಹೋದ ಫೆಬ್ರವರಿಯಲ್ಲಿ, ಲೋಟ ತೊಳೆಯುತ್ತ ನನ್ನ ಕಡೆ ತಿರುಗದೆ ಕೇಳಿದಳು, "ನೀನು ಅವಳನ್ನ ಒಳಗೆ ಬಿಟ್ಟಿದ್ರೆ ಏನಾಗ್ತಿತ್ತೇ ತಿಂಕಾ?"

"ಏನೂ ಆಗ್ತಿರಲಿಲ್ಲ. ಸರಾಸರಿ ಎರಡು ಅಂಕ ಇಳೀತಿತ್ತು" ಅಂದೆ.

"ಅಷ್ಟೇ ಅಲ್ವಾ" ಎಂದು ನಲ್ಲಿ ನಿಲ್ಲಿಸಿದಳು.