ನೆಲ ಮುಟ್ಟಿದ ನೊಗ

ಬರಗೇರಮ್ಮನ ಬಾಯಿಗೆ ಮಾರಿಕಣಿವೆಯಲ್ಲಿ ಹೆದರದವರಿರಲಿಲ್ಲ. ಅಣೆಕಟ್ಟೆ ಮುಗಿದು ನೀರು ನಿಂತ ಹೊಸತರಲ್ಲಿ ಹಿರಿಯೂರಿನಿಂದ, ದುರ್ಗದಿಂದ ಜನ ಗಾಡಿ ಕಟ್ಟಿಕೊಂಡು ಬಂದು, ದಂಡೆಯ ಮೇಲೆ ನಿಂತು, ‘ಏನು ಚೆಂದ, ಏನು ಚೆಂದ’ ಎಂದು ಬಾಯಿಬಿಟ್ಟು ನೋಡುತ್ತಿದ್ದರು. ಅವಳು ಅವರ ಮುಖಕ್ಕೇ ಅಂದುಬಿಡುತ್ತಿದ್ದಳು: “ಆ ಚೆಂದದ ಅಡಿಯಾಗೆ ನನ್ನ ಹೊಲ ಐತೆ, ಬಾವಿ ಐತೆ. ಕಾಲು ತೊಳಿಯೋಕೆ ಮುಂಚೆ ಒಂದೀಟು ನೋಡ್ಕಳ್ರಿ.” ಬಂದವರಿಗೆ ಮುಖ ಸಪ್ಪಗಾಗುತ್ತಿತ್ತು. ಆಗಲಿ ಬಿಡಿ, ಅವಳು ಹೇಳಿದ್ದರಲ್ಲಿ ಸುಳ್ಳೇನಿತ್ತು?

ಹೊಲ ಮುಳುಗಿದ ಮೇಲೆ ಗಂಡ ಜುಂಜಯ್ಯ ಎತ್ತುಗಳನ್ನು ಮಾರಿದ. ಗಾಡಿಯನ್ನೂ ಮಾರಲು ಹೊರಟಾಗ ಅವಳು ಚಕ್ರಕ್ಕೆ ಬೆನ್ನು ಕೊಟ್ಟು ಕೂತಳು. ಇಂದಲ್ಲ ನಾಳೆ ಕಾಲುವೆಯ ಕೆಳಗೆ ಒಂದು ತುಂಡು ನೆಲ ಮಾಡಬೇಕು, ಮತ್ತೆ ಎತ್ತು ಕಟ್ಟಬೇಕು ಎಂಬುದು ಅವಳ ಹಟ. ದಿಬ್ಬದ ಮೇಲಿನ ಹೊಸ ಗುಡಿಸಲ ಮುಂದೆ ಗಾಡಿ ನಿಂತಿತು. ಅದರ ನೊಗದಡಿಗೆ ಜಾಲಿಯ ಕವೆಗೋಲು ಕೊಟ್ಟು ಎತ್ತಿ ನಿಲ್ಲಿಸಿದ್ದಳು. ಸೋಮವಾರ ಬಂತೆಂದರೆ ನೊಗಕ್ಕೆ ಅರಿಶಿನ ಹಚ್ಚುತ್ತಿದ್ದಳು. ಅವಳು ಸೇರಿದ ಮನೆತನದಲ್ಲಿ ನೊಗ ನೆಲ ಮುಟ್ಟಬಾರದು. ಮನೆಯ ಯಜಮಾನ ಸತ್ತ ದಿನ ಮಾತ್ರ ಕವೆಗೋಲು ತೆಗೆದು ನೊಗವನ್ನು ನೆಲಕ್ಕಿಳಿಸುತ್ತಿದ್ದರು. ದಾರಿಹೋಕರು ಅದನ್ನು ನೋಡಿಯೇ ಸಾವಾಗಿದೆಯೆಂದು ತಿಳಿದು ಚಪ್ಪಲಿ ಬಿಟ್ಟು ಒಳಗೆ ಬರುತ್ತಿದ್ದರು.

ಜುಂಜಯ್ಯನಿಗೆ ಮಾತ್ರ ನೀರಿನ ಮೇಲೆ ಸಿಟ್ಟು ನಿಲ್ಲಲಿಲ್ಲ. ಕಟ್ಟೆಯ ಉಸ್ತುವಾರಿಗೆ ಬಂದು ಬಂಗಲೆಯಲ್ಲಿದ್ದ ದೊರೆ ಗಾಳಿ ಸೇವನೆಗೆ ಒಂದು ಸಣ್ಣ ಹಾಯಿದೋಣಿ ತರಿಸಿದ್ದ. ಅದನ್ನು ತೊಳೆಯುವ, ಕಟ್ಟುವ, ಬಿಚ್ಚುವ ಕೆಲಸಕ್ಕೆ ಇವನು ಸೇರಿಕೊಂಡ. ತನ್ನ ಹೊಲದ ಮೇಲೆಯೇ ತೇಲಿಕೊಂಡು ಸಂಬಳ ತರುವ ಗಂಡನನ್ನು ಕಂಡರೆ ಬರಗೇರಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು.

ಆ ದೋಣಿಯ ಹಾಯಿಯ ಕೆಳಗಂಚಿಗೆ ಉದ್ದನೆಯದೊಂದು ಅಡ್ಡಮರ. ಅದರ ಒಂದು ತುದಿ ನಡುವಿನ ಕಂಬಕ್ಕೆ ಸಿಕ್ಕಿಕೊಂಡಿರುತ್ತಿತ್ತು. ಇನ್ನೊಂದು ತುದಿಯನ್ನು ಹಾಯಿಯೇ ಎತ್ತಿ ಹಿಡಿಯಬೇಕು. ಹಾಯಿ ಇಳಿಸಿದರೆ ಮರವೂ ದಡಕ್ಕನೆ ಬೀಳುತ್ತಿತ್ತು. ಒಂದು ಸಂಜೆ ಅದು ದೊರೆಯ ಟೋಪಿಯನ್ನು ಹಾರಿಸಿತು. ಮತ್ತೊಮ್ಮೆ ಹೀಗಾದರೆ ಕೆಲಸ ಇಲ್ಲವೆಂದು ದೊರೆ ಗುಡುಗಿದ. ಜುಂಜಯ್ಯ ಹುಟ್ಟಾ ಗಾಡಿ ಹೊಡೆದವನು. ಎತ್ತು ಬಿಚ್ಚಿದ ಗಾಡಿಗೆ ಏನು ಬೇಕೋ ಹಾಯಿ ಇಳಿಸಿದ ದೋಣಿಗೂ ಅದೇ ಬೇಕು ಎಂದು ಅವನ ಬುದ್ಧಿಗೆ ಹೊಳೆಯಿತು. ಹೊಳೆದದ್ದು ತಪ್ಪಲ್ಲ. ಆದರೆ ಮಹಾರಾಯ ಕೋಲು ಹುಡುಕಲು ಕಾಡಿಗೆ ಹೋಗದೆ ಸೀದಾ ತನ್ನ ಮನೆಯಂಗಳಕ್ಕೇ ಬಂದ.

ಬರಗೇರಮ್ಮ ಹುಲ್ಲಿನ ಹೊರೆ ಹೊತ್ತು ದಿಬ್ಬ ಹತ್ತಿದಾಗ ನೊಗ ಮಣ್ಣಿನಲ್ಲಿ ಬಿದ್ದಿತ್ತು. ಹೊರೆ ಎಲ್ಲಿ ಬಿತ್ತೋ ಅವಳಿಗೆ ಗೊತ್ತಾಗಲಿಲ್ಲ. ನೀರು ಗಂಡನನ್ನೂ ನುಂಗಿತು, ಯಾರೋ ಬಂದು ನೊಗ ಇಳಿಸಿ ಹೋಗಿದ್ದಾರೆ ಎಂದುಕೊಂಡು, ಎದೆ ಬಡಿದುಕೊಳ್ಳುತ್ತ ದಂಡೆಗೆ ಓಡಿದಳು.

ದಂಡೆಯಲ್ಲಿ ಜುಂಜಯ್ಯ ದೋಣಿಯೊಳಗೆ ಕುಕ್ಕರುಗಾಲಿನಲ್ಲಿ ಕೂತು, ಹಾಡಿನ ಸೊಲ್ಲು ಹೇಳಿಕೊಳ್ಳುತ್ತ ನೀರು ಮೊಗೆದು ಹಾಕುತ್ತಿದ್ದ. ಅವನ ತಲೆಯ ಮೇಲೆ, ಹಾಯಿ ಸುತ್ತಿದ ಅಡ್ಡಮರ. ಅದರ ತುದಿಯಡಿಗೆ ಅವಳ ಕವೆಗೋಲು. ಬದುಕಿದ್ದಾನೆಂಬ ಸಂತೋಷಕ್ಕಿಂತ ಮೊದಲು ಸಿಟ್ಟು ನೆತ್ತಿಗೇರಿತು.

“ಅಲ್ಲಯ್ಯೋ, ನೀನು ಬದುಕಿದ್ದೀಯಾ?”

“ನಂಗೇನಾಗೈತೆ?”

“ನೊಗ ಇಳಿಸಿದ್ದೀಯಲ್ಲ! ಕಾಡಿನಾಗೆ ಒಂದು ಕವೆ ಸಿಗಲಿಲ್ವಾ ನಿಂಗೆ?”

“ಒಂದು ದಿನದ ಮಟ್ಟಿಗೆ ಅಂತ ತಗಂಡೆ ಕಣೆ,” ಅಂದ ಜುಂಜಯ್ಯ ತಲೆ ಎತ್ತದೆ. “ಹೆಂಗೂ ಆ ಗಾಡಿ ಸುಮ್ನೆ ನಿಂತೈತೆ. ಇನ್ಯಾವ ಎತ್ತು ಬರ್ತಾವೆ ಅದಕ್ಕೆ?”

ಇಷ್ಟು ದಿನ ಯಾರೂ ಬಾಯಿಬಿಟ್ಟು ಆಡದ ಮಾತನ್ನು ಕಟ್ಟಿಕೊಂಡವನೇ ಆಡಿದ. ಬರಗೇರಮ್ಮ ಮೊಣಕಾಲುದ್ದ ನೀರಿಗಿಳಿದು ಕವೆಗೋಲನ್ನು ಎರಡೂ ಕೈಯಲ್ಲಿ ಹಿಡಿದು ಕಿತ್ತಳು. ನೆನೆದ ಹಾಯಿಯ ಭಾರದೊಡನೆ ಅಡ್ಡಮರ ಜುಂಜಯ್ಯನ ಹೆಗಲ ಮೇಲೆ ಬಿತ್ತು. ಮೂಳೆ ಲಟಕ್ಕೆಂದದ್ದು ದಂಡೆಯವರೆಗೂ ಕೇಳಿಸಿತು. ಅವನು ಮುಖ ಅಡಿಯಾಗಿ ಮರದಡಿಗೆ ಸಿಕ್ಕಿಬಿದ್ದ.

ಅವಳು ಕೋಲು ಬಿಸಾಡಿ, ದೋಣಿಗೆ ಹಾರಿ, ಅಡ್ಡಮರಕ್ಕೆ ತನ್ನ ಹೆಗಲು ಕೊಟ್ಟು ಎದ್ದು ನಿಂತಳು. “ಈಚಿಗೆ ಬಾರೋ ಮುಂಡೇದೆ,” ಎಂದು ಅಳುತ್ತ ಬೈದಳು. “ನಂಗೆ ತಾಳಕ್ಕಾಗಲ್ಲ, ಬಾರೋ!” ಹಾಯಿಗೆ ತೇಪೆ ಹಾಕಲು ಅಂದೇ ದುರ್ಗದಿಂದ ಬಂದಿದ್ದ ಡೇರೆ ಹೊಲಿಯುವ ಉಸ್ಮಾನ್ ಸಾಬ್ ಓಡಿ ಬಂದು ಜುಂಜಯ್ಯನನ್ನು ಎಳೆದು ಹಾಕಿದ.

ಹೆಗಲು ಬಿಗಿದು ಕಟ್ಟಿದ ಮೇಲೆ ಉಸ್ಮಾನ್ ಸಾಬ್ ಅಡ್ಡಮರವನ್ನೂ ಅವಳನ್ನೂ ನೋಡಿದ. “ಕೆಳಗಿಂದ ಕೋಲು ಕೊಟ್ರೆ ಕಿತ್ಕಳೋರು ಇರ್ತಾರಮ್ಮ. ಡೇರೆಗೆ ನಾವು ಮೇಲಿಂದ ಹಗ್ಗ ಬಿಡ್ತೀವಿ. ಕಂಬದ ನೆತ್ತಿಯಿಂದ ಇದರ ತುದಿಗೆ ಒಂದು ಗಟ್ಟಿ ಹಗ್ಗ ಕಟ್ಟಿದ್ರೆ ಹಾಯಿ ಇದ್ರೂ ಇಲ್ದಿದ್ರೂ ಬೀಳಲ್ಲ.”

“ಹಗ್ಗ ಎಲ್ಲೈತೆ ಉಸ್ಮಾನಣ್ಣ?” ಎಂದು ಜುಂಜಯ್ಯ ನರಳಿದ.

ಹಗ್ಗ ಇತ್ತು. ಗುಡಿಸಲ ಅಟ್ಟದ ಮೇಲೆ, ಮುಳುಗಿದ ಬಾವಿಯಿಂದ ಎತ್ತು ಕಟ್ಟಿ ನೀರೆಳೆಯುತ್ತಿದ್ದ ಕಪಿಲೆಯ ಹಗ್ಗವನ್ನು ಬರಗೇರಮ್ಮ ಎಣ್ಣೆ ಸವರಿ ಸುರುಳಿ ಸುತ್ತಿ ಇಟ್ಟಿದ್ದಳು. ಗಂಡನಿಗೂ ಅದು ಗೊತ್ತಿತ್ತು. ಕೇಳಲು ಅವನಿಗೆ ಬಾಯಿ ಬರಲಿಲ್ಲ. ಅವಳೇ ಹೋಗಿ ತಂದು ಉಸ್ಮಾನ್ ಸಾಬನ ಕಾಲ ಬಳಿ ಎಸೆದಳು.

“ಕಟ್ಟು. ಬಾವಿ ಹೋತು, ಹಗ್ಗನೂ ಹೋಗ್ಲಿ. ಆ ದೊರೆ ತಲೆ ಉಳೀಲಿ. ನನ್ನ ಕೋಲು ಮಾತ್ರ ಇನ್ನೊಂದ್ಸಲ ಮುಟ್ಟಿದ್ರೆ ನೋಡ್ರಿ.”

ಕವೆಗೋಲನ್ನು, ಅಡ್ಡಮರ ಹೊತ್ತು ಊದಿಕೊಂಡ ತನ್ನ ಹೆಗಲ ಮೇಲಿಟ್ಟುಕೊಂಡು ದಿಬ್ಬ ಹತ್ತಿ, ಯಾರನ್ನೂ ಕರೆಯದೆ ನೊಗ ಎತ್ತಿ ನಿಲ್ಲಿಸಿದಳು.

ಎತ್ತು ಬರಲಿಲ್ಲ. ಕಾಲುವೆಯ ಕೆಳಗಿನ ನೆಲ ಯಾರ ಯಾರದೋ ಪಾಲಾಯಿತು. ಜುಂಜಯ್ಯ ಸೊಟ್ಟ ಹೆಗಲಿನಲ್ಲೇ ದೋಣಿ ಕಾಯುತ್ತ ಮುದುಕನಾದ. ಬರಗೇರಮ್ಮ ಬೈಯುವುದನ್ನು ಒಂದು ದಿನವೂ ತಪ್ಪಿಸಲಿಲ್ಲ, ಅರಿಶಿನವನ್ನೂ ತಪ್ಪಿಸಲಿಲ್ಲ.

ಜ್ವರ ಬಂದು ಜುಂಜಯ್ಯ ತೀರಿಕೊಂಡ ಬೆಳಿಗ್ಗೆ, ನೆಂಟರು ಕವೆಗೋಲು ತೆಗೆಯಲು ಹೋದರು. “ಯಾರೂ ಮುಟ್ಟಬ್ಯಾಡ್ರಿ” ಎಂದು ಅವಳು ಗದರಿದಳು. ನೊಗದಡಿಗೆ ತನ್ನ ಹೆಗಲು ಕೊಟ್ಟು, ಕೋಲನ್ನು ತಾನೇ ಸರಿಸಿ, ಭಾರವನ್ನೆಲ್ಲ ಮೈಮೇಲೆ ತಗೊಂಡು, ಸದ್ದಾಗದ ಹಾಗೆ ಕೆಳಗಿಳಿಸಿದಳು. ಆಮೇಲೆ ನೊಗದ ಪಕ್ಕದ ಮಣ್ಣಿನಲ್ಲೇ ಕೂತು, ಒಳಗೆ ಮಲಗಿಸಿದ್ದವನಿಗೆ ಕೇಳಿಸುವಷ್ಟು ಗಟ್ಟಿಯಾಗಿ ಬೈದಳು:

“ಅವತ್ತು ನೀನು ಸುಳ್ಳೇ ಇಳಿಸಿದ್ದೆ. ಇವತ್ತು ನಿಜ ಮಾಡ್ಕಂಡ್ಯಲ್ಲಯ್ಯ!”