ರವದಿ ಸುಟ್ಟ ಹೊಲದ ಬದುವಿನಲ್ಲಿ

ಮುಧೋಳದಿಂದ ಜಮಖಂಡಿಗೆ ಹೋಗುವ ರಸ್ತೆಯ ಚಹಾದಂಗಡಿ. ಚಳಿಗಾಲದ ಬೆಳಿಗ್ಗೆ, ಬಿಸಿಲು ಇನ್ನೂ ಬಿದ್ದಿರಲಿಲ್ಲ. ಒಬ್ಬ ರೈತ ಮುಧೋಳ ನಾಯಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ನನ್ನೆದುರಿನ ಬೆಂಚಿನಲ್ಲಿ ಕೂತಿದ್ದ. ನಾಯಿಗೆ ಹಳೆಯ ಸ್ವೆಟರ್ ತೊಡಿಸಿದ್ದರು. ಅದರ ತೋಳುಗಳನ್ನು ಕಾಲಿನ ಅಳತೆಗೆ ಕತ್ತರಿಸಿ ಅಂಚು ಹೊಲಿದಿದ್ದರು. ನಾಲ್ಕೂ ಪಾದಗಳಿಗೆ ಒದ್ದೆ ಬಟ್ಟೆ ಸುತ್ತಿತ್ತು.

"ಏನೋ ತಮ್ಮಾ, ಲಗ್ನಕ್ಕ ಹೊಂಟದೇನು ನಿನ್ನ ನಾಯಿ?" ಎಂದಳು ಅಂಗಡಿಯ ಮುದುಕಿ.

"ಕಾಲು ಸುಟ್ಟಾವ ಯವ್ವಾ. ದವಾಖಾನಿಗೆ ಗಾಡಿ ಕಾಯಾಕತ್ತೇನಿ."

ನಂತರ ನಿಧಾನವಾಗಿ ಹೇಳಿದ. ಈ ಜಾತಿಯ ನಾಯಿಗೆ ಮೈಯಲ್ಲಿ ಕೊಬ್ಬಿಲ್ಲ. ಚಳಿಯಲ್ಲಿ ಅಡ್ಡಾಡಿಸಲು ಒಯ್ದರೆ ನಡುಗುತ್ತದೆ. ಕಬ್ಬು ಕಡಿದ ಮೇಲೆ ಉಳಿದ ಒಣ ಎಲೆಯ ರವದಿಗೆ ಪಕ್ಕದ ಹೊಲದವರು ಹಿಂದಿನ ದಿನ ಬೆಂಕಿ ಹಚ್ಚಿದ್ದರು. ಅಲ್ಲಿ ಬೆಚ್ಚಗಿರುತ್ತದೆಂದು ಇವನು ಅಂದು ನಸುಕಿನಲ್ಲಿ ಆ ಕಡೆ ಕರೆದೊಯ್ದಿದ್ದ. ಮೇಲೆಲ್ಲ ಬೂದಿಯಿತ್ತು. ಅಡಿಯಲ್ಲಿದ್ದ ಕೆಂಡ ಕಂಡಿರಲಿಲ್ಲ.

"ನಾಯಿಗೆ ಕಾವು ತಿಳಿಯೂದಿಲ್ಲೇನು? ತಾನ ದೂರ ಸರೀತದ."

"ತಿಳಿದಿತ್ತು ಯವ್ವಾ. ಬದುವಿನ ಮ್ಯಾಲ ನಿಂತುಬಿಟ್ಟಿತ್ತು. ಹೊಲದಾಗ ಕಾಲಿಡವಲ್ದು. ಹಟ ಮಾಡಾಕತ್ತದ ಅಂತ ನಾನ ಸುತ್ತಿ ಆಚಿ ಬದುವಿಗೆ ಹೋಗಿ ಕರದ್ನಿ."

ಮುದುಕಿ ಸೋಸುತ್ತಿದ್ದ ಚಹಾ ಕೆಳಗಿಟ್ಟಳು.

"ನಡುವ ಎಲ್ಲೂ ನಿಂದ್ರಲಿಲ್ಲ," ಎಂದ. "ಸೀದಾ ನನ್ನ ಹಂತೇಕ ಬಂತು."

ನನ್ನ ಬಾಟಲಿಯ ನೀರು ಕೊಟ್ಟೆ. ಬಟ್ಟೆಯ ಮೇಲೆ ಸ್ವಲ್ಪ ಸ್ವಲ್ಪವೇ ಹನಿಸಿದ. ನಾಯಿ ಅವನ ಮುಖವನ್ನೇ ನೋಡುತ್ತಿತ್ತು. ಅವನು ಗಾಡಿಯಿಲ್ಲದ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.