ಫಕೀರವ್ವನ ಬ್ಯಾನಿಯ ಕತೆ

ಖಾನಾಪುರದ ಹಂಚಿನ ಕಾರ್ಖಾನೆಯಲ್ಲಿ ಮಧ್ಯಾಹ್ನ ರೊಟ್ಟಿಗಂಟು ಬಿಚ್ಚುವ ಹೊತ್ತೆಂದರೆ ಫಕೀರವ್ವ ಬಾಯಿ ಬಿಚ್ಚುವ ಹೊತ್ತು ಎಂದು ಜೊತೆಯ ಹೆಂಗಸರು ನಗುತ್ತಿದ್ದರು. ಹಾಗೆ ನೋಡಿದರೆ ಆಕೆ ವಾಚಾಳಿಯಲ್ಲ. ಕೆಲಸದ ಹೊತ್ತಿನಲ್ಲಿ ತುಟಿ ಬಿಚ್ಚಿದವಳಲ್ಲ. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಹಸಿ ಹಂಚಿನ ಹಲಗೆ ಇಟ್ಟುಕೊಂಡು ಒಣಗಿಸುವ ಚಪ್ಪರಕ್ಕೆ ನಡೆದರೆ ಒಂದು ಹಂಚೂ ಮಿಸುಕುತ್ತಿರಲಿಲ್ಲ. ಆದರೆ ಹುಣಸೆ ಮರದ ನೆರಳಿಗೆ ಕೂತು ಚಟ್ನಿಗೆ ರೊಟ್ಟಿ ಮುರಿಯತೊಡಗಿದಳೆಂದರೆ, ಯಾವುದೋ ಸಣ್ಣ ಸುದ್ದಿಯನ್ನೇ ಹಿಡಿದು, ಕೇಳುವವರ ಕೈತುತ್ತು ಕೈಯಲ್ಲೇ ಉಳಿಯುವಂತೆ ಹೇಳುತ್ತಿದ್ದಳು. ಕೆಲಸ ನೋಡಿಕೊಳ್ಳುವ ಮುಕಾದಮ ಭರಮಪ್ಪ ಕೆಮ್ಮಿದ್ದು, ಸಂತೆಯಲ್ಲಿ ಯಾರೋ ಜಾರಿ ಬಿದ್ದದ್ದು, ಎಲ್ಲವೂ ಆಕೆಯ ಬಾಯಲ್ಲಿ ಕತೆಯಾಗುತ್ತಿತ್ತು.

ಆಕೆಯ ಅತ್ತೆಮನೆಯವರು ಹಿಂದೆ ಕುರಿ ಕಾಯ್ದವರು. ಮಾವನ ಕಾಲಕ್ಕೇ ಹಿಂಡು ಕರಗಿ, ಗಂಡ ಬೀರಣ್ಣ ಕಾರ್ಖಾನೆಯ ಭಟ್ಟಿಗೆ ಕಟ್ಟಿಗೆ ಹಾಕುವ ಕೆಲಸಕ್ಕೆ ನಿಂತಿದ್ದ. ಅವನ ಬೆನ್ನಿಗೆ ಫಕೀರವ್ವನೂ ಬಂದಳು. ಮೂರನೆಯ ಕೂಸು ಹುಟ್ಟಿ ಬಾಣಂತನ ಮುಗಿಯುವ ಮೊದಲೇ ಮತ್ತೆ ಹಲಗೆ ಹೊತ್ತಳು. ಗರ್ಭಚೀಲ ಜಾರತೊಡಗಿತು. ಕುಂತರೆ ಏಳಲಾರಳು, ಎದ್ದರೆ ನಡೆಯಲಾರಳು. ನಾಚಿಕೆಗೆ ಕೆಲವು ಕಾಲ ಮುಚ್ಚಿಟ್ಟಳು. ಕೊನೆಗೆ ಎಪ್ಪತ್ನಾಲ್ಕರ ಬೇಸಿಗೆಯಲ್ಲಿ ಬೀರಣ್ಣ ಆಕೆಯನ್ನು ಬೆಳಗಾವಿಯ ದೊಡ್ಡ ದವಾಖಾನೆಗೆ ಕರೆದೊಯ್ದ. ಅಲ್ಲಿ ಆಪರೇಶನ್ ಮಾಡಿ ಚೀಲ ತೆಗೆದರು.

ಆಪರೇಶನ್ ಆದಮೇಲೆ ಒಂದು ಸೂಜಿ ಕೊಟ್ಟರು. ಅದು ನಶೆಯ ಔಷಧ, ಕಪಾಟಿನಲ್ಲಿ ಕೀಲಿ ಹಾಕಿ ಇಡುವಂಥದ್ದು. ಅದರಿಂದ ಮಂಪರು ಹತ್ತಿತೇನೋ ಖರೆ, ಆದರೆ ತಲೆ ತಿರುಗಿ ವಾಂತಿ ಶುರುವಾಯಿತು. ಒಂದೊಂದು ಸಲ ಓಕರಿಸಿದಾಗಲೂ ಒಳಗಿನ ಹೊಲಿಗೆಯೆಲ್ಲ ಕಿತ್ತು ಬಂದಂತಾಗುತ್ತಿತ್ತು. ನಶೆ ಇಳಿದ ಮೇಲೆ ನೋವು ಏರಿತು. ಇನ್ನೊಂದು ಸೂಜಿ ಕೊಡಿರೆಂದು ಅಂಗಲಾಚಿದಾಗ ನರ್ಸಬಾಯಿ ಆಕೆಯ ಹಣೆ ಒರೆಸುತ್ತ, "ಮತ್ತ ಮತ್ತ ಕೊಡಾಕ ಬರೂದಿಲ್ಲವಾ, ಚಟಾ ಬೀಳತೈತಿ. ಮೂರು ಹಡದಾಕಿ ನೀ, ಇದೇನ ದೊಡ್ಡದು? ತಡಕೋ," ಎಂದು ಮುಂದಿನ ಮಂಚಕ್ಕೆ ಹೋದಳು. ಆ ನರ್ಸಬಾಯಿ ಕೆಟ್ಟವಳಲ್ಲ. ಆಕೆಗಿದ್ದದ್ದು ಎರಡೇ ಕೈ, ವಾರ್ಡಿನ ತುಂಬ ನರಳುವವರು. ನೋವು ಬರಲಿ, ತಡೆಯಲಾರದೆ ಕೂಗಲಿ, ಆಮೇಲೆ ನೋಡಿದರಾಯಿತು ಎಂಬುದೇ ಅಲ್ಲಿಯ ವಾಡಿಕೆಯಾಗಿತ್ತು. ಫಕೀರವ್ವ ಸೀರೆಯ ಸೆರಗು ಬಾಯಲ್ಲಿ ಕಚ್ಚಿಕೊಂಡು, ಉಸಿರನ್ನೂ ಅಳೆದು ಅಳೆದು ಬಿಡುತ್ತ ಆ ದಿನಗಳನ್ನು ಕಳೆದಳು.

ಮನೆಗೆ ಬಂದ ಮೇಲೆ ನಿಧಾನವಾಗಿ ಚೇತರಿಸಿಕೊಂಡಳು. ಮುಂದಿನ ಬೇಸಿಗೆಯ ಹೊತ್ತಿಗೆ ಹಲಗೆಯೂ ತಲೆಗೇರಿತು, ಕತೆಯೂ ಬಾಯಿಗೇರಿತು.

"ಏನಂತ ಹೇಳ್ಲಿ ನಿಮಗ! ಹೊಟ್ಟ್ಯಾಗ ಭಟ್ಟಿ ಹಚ್ಚಿ, ಬಾಗಲಾ ಹಾಕ್ಕೊಂಡ ಹೋಗಿಬಿಟ್ರವಾ. ಕೆಮ್ಮು ಬಂದ್ರ ಜೀವಾ ಬಾಯಿಗೆ ಬರತಿತ್ತು. ನಂದು ಹೋಗ್ಲಿ, ಬಾಜೂಕಿನ ಮುದುಕಿ ಸೀನಿದ್ರ ಇಲ್ಲೆ ನಾ ಹೊಟ್ಟಿ ಹಿಡಕೋತಿದ್ನಿ!"

ಹೆಂಗಸರು ಕಣ್ಣಲ್ಲಿ ನೀರು ಬರುವ ತನಕ ನಗುತ್ತಿದ್ದರು. ನಕ್ಕು ಮುಗಿದ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ರೊಟ್ಟಿಗಂಟು ಕಟ್ಟುತ್ತಿದ್ದರು. ಆಮೇಲೆ ಯಾರಾದರೂ, "ಬ್ಯಾಡಪ್ಪಾ ಆ ದವಾಖಾನಿ ದಾರಿ," ಎಂದು ಏಳುತ್ತಿದ್ದರು. ವರ್ಷ ವರ್ಷಕ್ಕೆ ಕತೆ ಬೆಳೆಯಿತು. ಮೊದಲು ಹಣೆ ಒರೆಸಿದ್ದ ನರ್ಸಬಾಯಿ ಕೆಲವೇ ವರ್ಷಗಳಲ್ಲಿ ಕಣ್ಣು ಕೆಕ್ಕರಿಸುವ ಮಾರಿಯಾದಳು. ಫಕೀರವ್ವನಿಗೆ ಅದು ಸುಳ್ಳು ಅನಿಸಲಿಲ್ಲ. ಪಟ್ಟ ನೋವು ಅಷ್ಟು ದೊಡ್ಡದಿತ್ತು. ಅದನ್ನು ಇದ್ದಷ್ಟೇ ದೊಡ್ಡದಾಗಿ ತೋರಿಸಲು ಮಾತುಗಳನ್ನು ಉಬ್ಬಿಸಬೇಕಾಗುತ್ತಿತ್ತು.

ಈ ಕತೆಯನ್ನು ಎಲ್ಲರಿಗಿಂತ ಹೆಚ್ಚು ಸಲ ಕೇಳಿದವಳು ಬಾಳವ್ವ. ಬೀರಣ್ಣನ ತಮ್ಮ ಸಿದರಾಯನ ಹೆಂಡತಿ. ಬೀಡಿ ಎಂಬ ಊರಿನ ಕಡೆಯ ಹುಡುಗಿ. ಮದುವೆಯಾಗಿ ಬಂದಾಗ ಇನ್ನೂ ಎಳೆಯ ವಯಸ್ಸು. ಸಿದರಾಯ ಬೆಳಗಿನ ಬಸ್ಸಿಗೆ ಬೆಳಗಾವಿಯ ಅಂಚಿನ ಉದ್ಯಮಬಾಗದ ಫೌಂಡ್ರಿಗೆ ಹೋದರೆ ಬರುವುದು ಸಂಜೆ. ಹಾಗಾಗಿ ಬಾಳವ್ವ ಮನೆಯಲ್ಲೂ ಕಾರ್ಖಾನೆಯ ಕೆಲಸದಲ್ಲೂ ಇಡೀ ದಿನ ನೆಗೆಣ್ಣಿ ಫಕೀರವ್ವನ ಬೆನ್ನು ಹಿಡಿದೇ ಇರುತ್ತಿದ್ದಳು. "ಅಕ್ಕಾ, ಅಕ್ಕಾ" ಎನ್ನದೆ ಆಕೆಗೆ ಒಲೆಯೂ ಹತ್ತುತ್ತಿರಲಿಲ್ಲ. ಹುಣಸೆ ಮರದ ಕೆಳಗೆ ಎಲ್ಲರೂ ನಗುವಾಗ ಆಕೆ ಮಾತ್ರ ಮೊಣಕಾಲು ಅಪ್ಪಿಕೊಂಡು ನೆಲ ನೋಡುತ್ತಿದ್ದಳು. ಹುಡುಗಿ ಪುಕ್ಕಲಿ ಎಂದು ಫಕೀರವ್ವ ಇನ್ನಷ್ಟು ರಂಗು ಹಚ್ಚುತ್ತಿದ್ದಳು.

ಬಾಳವ್ವನಿಗೆ ಮಕ್ಕಳಾಗಲಿಲ್ಲ. ಮುಟ್ಟಾದರೆ ದಿನ ಕಳೆದರೂ ನಿಲ್ಲುತ್ತಿರಲಿಲ್ಲ. ಮೈಯ ರಕ್ತವೆಲ್ಲ ಬಸಿದು ಹೋಗುತ್ತಿತ್ತು. ಆಕೆ ಯಾರಿಗೂ ಹೇಳಲಿಲ್ಲ. ಆದರೆ ಒಂದೇ ಮನೆಯಲ್ಲಿರುವ ಹೆಂಗಸಿಗೆ ಗೊತ್ತಾಗದೆ ಇದ್ದೀತೇ?

"ಯಾಕಬೇ ಬಾಳೀ, ಮಾರಿ ಸುಣ್ಣ ಬಳದಾಂಗ ಆಗೇತಲ್ಲ?"

"ಏನಿಲ್ಲಕ್ಕಾ. ಬಿಸಲು."

"ಬಿಸಲಿಗೆ ಕಪ್ಪಾಗ್ತಾರ, ಬೆಳ್ಳಗಾಗೂದಿಲ್ಲ. ದವಾಖಾನಿಗೆ ತೋರಿಸ್ಕೊಂಡ ಬಾ. ಹಾಂ, ಖರೇ, ಹೋದ್ರ ಮಾತ್ರ ಕೊಯ್ದಾ ಬಿಡ್ತಾರ ನೋಡು!"

ಹೀಗೆಂದು ತಾನೇ ನಕ್ಕಿದ್ದಳು. ಮುಂದೆ ಎಷ್ಟೋ ವರ್ಷ ಆ ನಗು ಫಕೀರವ್ವನ ಕಿವಿಯಲ್ಲಿ ಕುಟುಕಿತು. ಹೋಗೆಂದ ಬಾಯಲ್ಲೇ ಹೋಗದಂತೆ ಮಾಡಿದ್ದು ಆ ಒಂದು ಮಾತು.

ಎಂಬತ್ತೈದರ ಬೇಸಿಗೆಯಲ್ಲಿ ಬಾಳವ್ವ ಹಲಗೆ ಹೊತ್ತವಳು ಹೊತ್ತಂತೆಯೇ ಚಪ್ಪರದ ಬಾಯಲ್ಲಿ ಕುಸಿದಳು. ಹಸಿ ಹಂಚುಗಳು ಮುದ್ದೆಯಾಗಿ ಬಿದ್ದವು. ಸೀರೆಯೆಲ್ಲ ರಕ್ತದಲ್ಲಿ ತೊಯ್ದಿತ್ತು. ಮರುದಿನವೇ ಫಕೀರವ್ವ ಆಕೆಯನ್ನು ಬಸ್ಸಿನಲ್ಲಿ ತನ್ನ ಭುಜಕ್ಕೆ ಒರಗಿಸಿಕೊಂಡು ಬೆಳಗಾವಿಗೆ ಹೊರಟಳು. ಮಚ್ಛೆ ಊರು ದಾಟಿ ಉದ್ಯಮಬಾಗಕ್ಕೆ ಬಂದಾಗ, ರಜೆ ಕೇಳಲೆಂದು ಮೊದಲೇ ಹೋಗಿದ್ದ ಸಿದರಾಯ ಬಸ್ ಹತ್ತಿದ. ಹೆಂಡತಿಯ ಮುಖ ನೋಡಿ, ಇನ್ನೊಂದು ಬದಿಯಿಂದ ಆಕೆಯನ್ನು ಆನಿಸಿ ಹಿಡಿದು ಕೂತ.

ಈ ಸಲ ಹೋದದ್ದು ದೊಡ್ಡ ದವಾಖಾನೆಗಲ್ಲ, ಬೆಳಗಾವಿ ಊರೊಳಗಿನ ಒಂದು ಸಣ್ಣ ಆಸ್ಪತ್ರೆಗೆ. ಡಾಕ್ಟರ್ ಬಾಯಿ ಬಾಳವ್ವನ ಹೊಟ್ಟೆ ಮುಟ್ಟಿ ನೋಡಿ, ಒಳಗೂ ತಪಾಸಣೆ ಮಾಡಿ, ಕೈ ತೊಳೆದುಕೊಂಡು ಬಂದು ಎದುರಿಗೆ ಕೂತರು.

"ಎಷ್ಟು ದಿವಸದಿಂದ ಹಿಂಗ?"

"ಏಳೆಂಟು ವರ್ಷ ಆತ್ರಿ."

"ಮಕ್ಕಳು?"

"ಇಲ್ಲರಿ."

ಡಾಕ್ಟರ್ ಬಾಯಿ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. "ಚೀಲದಾಗ ಗಡ್ಡಿ ಬೆಳದಾವು. ಮೊದಲೇ ಬಂದಿದ್ರ ಗಡ್ಡಿ ಅಷ್ಟ ತಗದು ಚೀಲ ಉಳಸಾಕ ನೋಡಬಹುದಿತ್ತು. ಈಗ ಅದು ಬರೂದಿಲ್ಲವಾ. ಎಲ್ಲಾ ತಗೀಬೇಕು. ಇಷ್ಟು ವರ್ಷ ಯಾಕ ಬರಲಿಲ್ಲ ನೀವು?"

ಬಾಳವ್ವ ಬೆರಳಿಗೆ ಸೆರಗು ಸುತ್ತುತ್ತ ಹೇಳಿದಳು: "ಬ್ಯಾನಿಗೆ ಹೆದರಿದ್ನಿರಿ."

ಅವಳು ಫಕೀರವ್ವನ ಕಡೆ ನೋಡಲಿಲ್ಲ. ನೋಡಿದ್ದರೇ ಒಳ್ಳೆಯದಿತ್ತೇನೋ. ಗೋಡೆಗೆ ಆತು ನಿಂತಿದ್ದ ಫಕೀರವ್ವ ಮುಖವನ್ನು ಬಾಗಿಲ ಕಡೆ ತಿರುಗಿಸಿಕೊಂಡಳು.

"ಬ್ಯಾನಿ ಆಗೂದ ಇಲ್ಲ ಅಂತ ನಾ ಹೇಳೂದಿಲ್ಲ," ಎಂದರು ಡಾಕ್ಟರ್ ಬಾಯಿ. "ಆದ್ರ ಅದು ಬರಲಿ ಅಂತ ದಾರಿ ಕಾಯೂದಿಲ್ಲ ನಾವು. ನಿಮಗ ಎಚ್ಚರ ಆಗೂದರಾಗ ಔಷಧ ಮೈಯಾಗ ಕೂತಿರತೈತಿ. ಉರಿ ಹತ್ತಿದ ಮ್ಯಾಲೆ ನೀರು ಹೊತ್ತು ಓಡೂದಕ್ಕಿಂತ ಹತ್ತದಾಂಗ ನೋಡಿಕೊಳ್ಳೂದು ಹಗೂರ ಅಲ್ಲೇನು?"

ಫಕೀರವ್ವನಿಗೆ ಈ ಮಾತಿನ ಮೇಲೆ ನಂಬಿಕೆ ಬರಲಿಲ್ಲ. ಡಾಕ್ಟರುಗಳು ಹಾಗೇ ಹೇಳುತ್ತಾರೆ ಅಂದುಕೊಂಡಳು. ಸಿದರಾಯ ರಕ್ತ ಕೊಟ್ಟ. ಆಪರೇಶನ್ ಆಯಿತು. ಬಾಳವ್ವನನ್ನು ತಂದು ಮಲಗಿಸಿದ ಮೇಲೆ ಫಕೀರವ್ವ ಮಂಚದ ಕಂಬಿ ಗಟ್ಟಿಯಾಗಿ ಹಿಡಿದು ಕೂತಳು. ಈಗ ಕೂಗುತ್ತಾಳೆ, ಈಗ ಕೂಗುತ್ತಾಳೆ ಎಂದು ಕಾದಳು. ಆಕೆ ಕೂಗಲಿಲ್ಲ. ಸಿಸ್ಟರ್ ಒಬ್ಬಳು ಸೂಜಿ ಹಿಡಿದು ತಾನಾಗಿಯೇ ಬಂದಳು.

"ಆಕಿ ಕೇಳೇ ಇಲ್ಲಲ್ಲರಿ ಬಾಯಿ?"

"ಕೇಳೂ ತನಕ ಬಿಡಬಾರದಂತ ಕೊಡೂದವಾ."

"ನಶಾದ್ದೇನ್ರಿ ಇದು? ವಾಂತಿ ಬರತಾವಲ್ಲ?"

"ನಶಾದ್ದಲ್ಲ, ಇದು ಬ್ಯಾರೆ. ಚಟಾನೂ ಬೀಳೂದಿಲ್ಲ. ಖರೇ, ಎಲ್ಲಾರಿಗೂ ನಡಿಯೂದಿಲ್ಲ. ಹೊಟ್ಟ್ಯಾಗ ಹುಣ್ಣು, ಕಿಡ್ನಿ ತ್ರಾಸು ಇದ್ರ ಕೊಡೂದಿಲ್ಲ. ಅದನ್ನೆಲ್ಲಾ ಮೊದಲೇ ಕೇಳಿ ನೋಡೇವಿ. ಮುಂದ ಊಟ ಶುರು ಆದಮ್ಯಾಲೆ ಗುಳಿಗಿ. ಬ್ಯಾನಿ ಇರ್ಲಿ ಬಿಡ್ಲಿ, ಹೊತ್ತಿಗೆ ಸರಿಯಾಗಿ ನುಂಗಸ್ರಿ. ಖಾಲಿ ಹೊಟ್ಟಿಲೆ ಮಾತ್ರ ಬ್ಯಾಡ."

ಮರುದಿನ ಬಾಳವ್ವ ಎದ್ದು ಕೂತಳು. ಮಗ್ಗುಲಾಗುವಾಗ ಹಲ್ಲು ಕಚ್ಚುತ್ತಿದ್ದಳು, ಕೆಮ್ಮು ಬಂದರೆ ದಿಂಬನ್ನು ಹೊಟ್ಟೆಗೆ ಒತ್ತಿಕೊಳ್ಳುತ್ತಿದ್ದಳು. ನೋವೇ ಇರಲಿಲ್ಲವೆಂದಲ್ಲ. ಆದರೆ ಕಣ್ಣಲ್ಲಿ ಎಚ್ಚರವಿತ್ತು, ಮಾತಲ್ಲಿ ಜೀವವಿತ್ತು. ಫಕೀರವ್ವನ ತೋಳು ಹಿಡಿದು ಕಿಟಕಿಯ ತನಕ ಹೆಜ್ಜೆ ಹಾಕಿದಳು. ಅಲ್ಲಿ ನಿಂತು, ಹೊರಗೆ ಟಾಂಗಾ ಹೋಗುವುದನ್ನು ನೋಡುತ್ತ, ಸಣ್ಣ ದನಿಯಲ್ಲಿ ಕೇಳಿದಳು:

"ಇಷ್ಟೇ ಏನಕ್ಕಾ?"

ಕುಟುಕಲು ಕೇಳಿದ ಮಾತಲ್ಲ ಅದು. ನಿಜವಾಗಿಯೂ ಅಚ್ಚರಿಯಿಂದ ಕೇಳಿದ್ದಳು. ಫಕೀರವ್ವ "ಹೂಂ" ಎಂದಳು. ಆಕೆಯನ್ನು ಮತ್ತೆ ಮಲಗಿಸಿ, ತಂಬಿಗೆ ತುಂಬಿಕೊಂಡು ಬರುವೆನೆಂದು ವರಾಂಡಕ್ಕೆ ಹೋಗಿ ಅತ್ತಳು. ಮೊದಲು ಅತ್ತದ್ದು ತನಗಾಗಿ. ನನಗ್ಯಾಕ ಯಾರೂ ಇದನ್ನ ಕೊಡಲಿಲ್ಲ, ಆ ದಿನಗಳನ್ನ ನಾನ್ಯಾಕ ಹಾಂಗ ಕಳೀಬೇಕಿತ್ತು ಎಂದು ಸೆರಗನ್ನು ಬಾಯಿಗೊತ್ತಿಕೊಂಡಳು. ಬಾಳವ್ವನ ಬರಿದಾದ ಒಡಲು ನೆನಪಾದದ್ದು ಆಮೇಲೆ. ತನ್ನ ಕಣ್ಣೀರು ಮೊದಲು ತನಗಾಗಿಯೇ ಬಂದಿತೆಂಬುದಕ್ಕೆ ಆಕೆ ಮತ್ತೂ ಕುಗ್ಗಿದಳು.

ಊರಿಗೆ ಬಂದ ಮೇಲೆ ಬಂಧುಗಳಲ್ಲಿ ಒಬ್ಬಿಬ್ಬರು ಸಿದರಾಯನ ಮುಂದೆ ಎರಡನೆಯ ಮದುವೆಯ ಮಾತು ತೆಗೆದರು. ಅವನು ಉಣ್ಣುತ್ತಿದ್ದ ತಾಟು ಬಿಟ್ಟು ಎದ್ದ. ಮತ್ತೆ ಯಾರೂ ಆ ಸುದ್ದಿಗೆ ಹೋಗಲಿಲ್ಲ. ಫಕೀರವ್ವನಿಗೆ ಅವನು ಒಂದು ಬಿರುಸು ಮಾತು ಆಡಲಿಲ್ಲ. ಅತ್ತಿಗೆಯನ್ನು ಮೊದಲಿನಂತೆ "ವೈನಿ" ಎಂದೇ ಕರೆದ. ಆದರೆ ಸಂಜೆ ಕಟ್ಟೆಯ ಮೇಲೆ ಆಕೆ ಮಾತಿಗೆ ಕೂತರೆ ತಾನು ಎದ್ದು ಒಳಗೆ ಹೋಗುತ್ತಿದ್ದ.

ಕಾರ್ಖಾನೆಯಲ್ಲಿ ನಿಂಗವ್ವ ಎಂಬವಳಿಗೂ ಬಾಳವ್ವನಂತೆ ನಿಲ್ಲದ ಮುಟ್ಟಿನ ಜಾಡ್ಯವಿತ್ತು. ಫಕೀರವ್ವ ತಾನಾಗಿ ಹೋಗಿ ಆಕೆಯ ಬಳಿ ಕೂತಳು. ಈಗ ಮೊದಲಿನಂತಿಲ್ಲ, ನೋವು ಬರುವ ಮೊದಲೇ ಔಷಧ ಕೊಡುತ್ತಾರೆ, ನಾನೇ ಕಣ್ಣಾರೆ ನೋಡಿದ್ದೇನೆ ಎಂದು ತಿಳಿಸಿ ತಿಳಿಸಿ ಹೇಳಿದಳು. ನಿಂಗವ್ವ ಪೂರ್ತಿ ಕೇಳಿಸಿಕೊಂಡಳು.

"ಹೊಟ್ಟ್ಯಾಗ ಭಟ್ಟಿ ಹಚ್ಚತಾರ ಅಂತ ನೀನೇ ಹೇಳಿದ್ದೆಲ್ಲಕ್ಕಾ? ಈಗ ನೀನೇ ಹೋಗಂತಿ. ಯಾವ ಮಾತು ನಂಬಲಿ ನಾ?"

ಫಕೀರವ್ವ ಸೆರಗು ಕೊಡವಿಕೊಂಡು ಎದ್ದಳು. ಜೀವನದಲ್ಲಿ ಮೊದಲ ಸಲ ಆಕೆಯ ಮಾತಿಗೆ ಯಾರೂ ಮರುಳಾಗಲಿಲ್ಲ.

ಅಂದು ಸಂಜೆ ಇಬ್ಬರೂ ನೆಗೆಣ್ಣಿಯರು ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದರು. ಫಕೀರವ್ವ ಮೊರವನ್ನು ಕೆಳಗಿಟ್ಟಳು.

"ಬಾಳೀ, ನನ್ನ ಮಾತು ಕೇಳಿ ನೀ ಕೆಟ್ಟಿ. ನಿನ್ನ ಉಡಿ ಬರಿದಾಗಿದ್ದು ನನ್ನಿಂದ."

ಬಾಳವ್ವ ಕಲ್ಲು ಆರಿಸುವುದನ್ನು ನಿಲ್ಲಿಸಲಿಲ್ಲ. "ಹಾಂಗ್ಯಾಕ ಅಂತೀಯಕ್ಕಾ? ನಿನಗ ಬ್ಯಾನಿ ಆಗಿದ್ದು ಖರೇನೇ ಅಲ್ಲೇನು? ಆಗಿದ್ದು ಹೇಳಿದಿ."

"ಆದರೂನೂ..."

"ಒಂದ ಮಾತು ಕೇಳ್ಲೇನು? ಸಿಟ್ಟಾಗಬ್ಯಾಡ." ಈಗ ಬಾಳವ್ವ ತಲೆ ಎತ್ತಿದಳು. "ನಿನಗ ಅದರಿಂದ ಆರಾಮ ಆತಲ್ಲಕ್ಕಾ? ಮತ್ತ ಹಲಗಿ ಹೊತ್ತಿ, ಕುಂತಿ, ಎದ್ದಿ, ನಕ್ಕಿ. ಅದನ್ನ ಮಾತ್ರ ಯಾವತ್ತೂ ಹೇಳಲಿಲ್ಲ ನೀ. ನಿನ್ನ ಕತಿ ಯಾವಾಗ್ಲೂ ದವಾಖಾನ್ಯಾಗೇ ಮುಗೀತಿತ್ತು. ಅಲ್ಲಿಂದ ನೀ ಹೊರಗ ಬಂದಿ ಅಂತ ನನ್ನ ಮನಸ್ಸಿಗೆ ಬರಲೇ ಇಲ್ಲ."

ಫಕೀರವ್ವ ಕೆಳಗಿಟ್ಟ ಮೊರವನ್ನು ಮತ್ತೆ ಎತ್ತಿಕೊಂಡಳು. ಖರೆಯೇ. ಗುಣವಾದ ಸುದ್ದಿಗೆ ಯಾರು ನಗುತ್ತಾರೆ, ಯಾರು ತುತ್ತು ಮರೆಯುತ್ತಾರೆ? ಅದರಲ್ಲಿ ಹೇಳುವಂಥದ್ದು ಏನಿದೆ ಎಂದು ಆಕೆ ಬಿಟ್ಟೇ ಬಿಟ್ಟಿದ್ದಳು.

ಬಾಳವ್ವ ಮತ್ತೆ ಜೋಳಕ್ಕೆ ಬಗ್ಗಿದಳು. ಸಿಟ್ಟೂ ಇಲ್ಲ, ಅಳುವೂ ಇಲ್ಲ. ಸಿಟ್ಟಾಗಿ ಒಂದೆರಡು ಮಾತು ಅಂದಿದ್ದರೆ ಫಕೀರವ್ವ ಆಕೆಯ ಕಾಲಿಗಾದರೂ ಬೀಳುತ್ತಿದ್ದಳು. ಅದಕ್ಕೂ ಎಡೆ ಸಿಗಲಿಲ್ಲ.

ವಾರದೊಪ್ಪತ್ತಿನಲ್ಲಿ ಬಾಳವ್ವ ತಾನೇ ನಿಂಗವ್ವನ ಮನೆಗೆ ಹೋದಳು. ಒಳಗೆ ಕೂತು ಏನು ಹೇಳಿದಳೋ, ಹೊಲಿಗೆಯ ಗುರುತನ್ನೇ ತೋರಿಸಿದಳೋ ಗೊತ್ತಿಲ್ಲ. ನಿಂಗವ್ವ ಬೆಳಗಾವಿಗೆ ಬರಲು ಒಪ್ಪಿದಳು. ಹೊರಡುವ ದಿನ ಬೆಳಿಗ್ಗೆ ಫಕೀರವ್ವ ರೊಟ್ಟಿ ಕಟ್ಟಿ, ಒಳ್ಳೆಯ ಸೀರೆ ಉಟ್ಟು, ಮೂವರೂ ಹೋಗುವುದೆಂದೇ ಬಾಗಿಲಿಗೆ ಬಂದಳು. ಬಾಳವ್ವ ಆಕೆಯ ಕೈಯಿಂದ ರೊಟ್ಟಿಗಂಟು ತೆಗೆದುಕೊಂಡಳು.

"ನೀ ಬ್ಯಾಡಕ್ಕಾ. ನಾನೇ ಕರಕೊಂಡ ಹೋಗಿ ಬರ್ತೀನಿ."

ಮೆಲ್ಲಗೆ ಹೇಳಿದಳು. ಹೇಳುವಾಗ ಆಕೆಯ ತೋಳನ್ನೂ ಮುಟ್ಟಿದಳು. ಇಬ್ಬರೂ ಬಸ್ ನಿಲ್ದಾಣದ ಕಡೆ ಹೊರಟರು. ನಿಂಗವ್ವ ಏನೋ ಕೇಳುತ್ತಿದ್ದಳು, ಬಾಳವ್ವ ಆಕೆಯ ಕಡೆ ಬಾಗಿ ಉತ್ತರ ಹೇಳುತ್ತಿದ್ದಳು. ಏನು ಹೇಳುತ್ತಿದ್ದಾಳೆಂದು ಫಕೀರವ್ವನಿಗೆ ಕೇಳಿಸಲಿಲ್ಲ. ಅವರು ಓಣಿಯ ತಿರುವು ದಾಟಿದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು, ಒಳಗೆ ಹೋಗಿ ಒಳ್ಳೆಯ ಸೀರೆ ಬದಲಿಸಿ, ಆಕೆ ಕೆಲಸಕ್ಕೆ ಹೋದಳು.